ಕಪಾಟಿನೊಳಗಿನ ಗಾಳಿ

ಮೆಷಿನ್ನು ಕಪಾಟಿನೊಳಗೆ ಹೋದದ್ದು ಮಗಳ ಮದುವೆಯ ವಾರದಲ್ಲಿ. ಹಾಗೆ ಮಾಡೆಂದು ಯಾರೂ ಹೇಳಿರಲಿಲ್ಲ. ಅಬೂಬಕ್ಕರ್ ತಾನೇ ಕೋಣೆಯ ಬಾಗಿಲು ಹಾಕಿಕೊಂಡು, ಮರದ ಕಪಾಟಿನ ಕೆಳಗಿನ ಅಂತಸ್ತಿನಲ್ಲಿದ್ದ ಹೆಂಡತಿಯ ಸೀರೆಗಳನ್ನು ಪಕ್ಕಕ್ಕೆ ಒತ್ತಿ, ಆ ಬೂದು ಬಣ್ಣದ ಪೆಟ್ಟಿಗೆಯನ್ನು ಅಲ್ಲಿ ಕೂರಿಸಿದ. ಅದರ ಮೇಲೆ ಮೆಕ್ಕಾದ ಉಮ್ರಾ ಯಾತ್ರೆಯಿಂದ ತಂದ ಶಾಲು ಹೊದಿಸಿದ. ಕೊಳವೆಯನ್ನು ಬಾಗಿಲ ಸಂದಿಯಿಂದ ಹೊರಗೆಳೆದು ತಲೆದಿಂಬಿನ ತನಕ ತಂದ. ಕಪಾಟಿನ ಬಾಗಿಲು ಪೂರ್ತಿ ಮುಚ್ಚುತ್ತಿರಲಿಲ್ಲ. ಕೊಳವೆಯನ್ನು ಕಚ್ಚಿಕೊಂಡು ನಿಲ್ಲುತ್ತಿತ್ತು. ಸ್ವಿಚ್ಚು ಹಾಕಿ, ಹಜಾರಕ್ಕೆ ಹೋಗಿ, ಗೋಡೆಗೆ ಕಿವಿಯಿಟ್ಟು ಕೇಳಿದ. ಏನೂ ಕೇಳಲಿಲ್ಲ. ಹೆಣವೊಂದನ್ನು ಅಡಗಿಸಿಟ್ಟವನಿಗೆ ಆಗಬಹುದಾದಂಥ ಸಮಾಧಾನವಾಯಿತು.

ನಿದ್ದೆಯಲ್ಲಿ ಗಂಟಲು ಸಡಿಲಾಗಿ, ಮುಚ್ಚಿಕೊಂಡು, ಉಸಿರೇ ನಿಂತುಹೋಗುವ ಕಾಯಿಲೆ ಅವನದು. ನಿಂತ ಉಸಿರು ಮತ್ತೆ ಬರುವಾಗ ಮೈ ಬೆಚ್ಚಿ ಏಳುತ್ತದೆ, ಮನಸ್ಸು ಏಳುವುದಿಲ್ಲ. ರಾತ್ರಿಯಿಡೀ ಮಲಗಿದವನು ಬೆಳಿಗ್ಗೆ ಕಲ್ಲು ಹೊತ್ತವನ ಹಾಗೆ ಏಳುತ್ತಾನೆ. ದುಬೈಯಲ್ಲಿ, ಮೇಲೆ ಕೆಳಗೆ ಮಂಚಗಳಿದ್ದ ಕೋಣೆಯಲ್ಲಿ, ಅವನ ಗೊರಕೆಗೆ ಜನ ಚಪ್ಪಲಿ ಎಸೆಯುತ್ತಿದ್ದರು. ಚಪ್ಪಲಿಗಿಂತ ಹೆಚ್ಚು ಹೆದರಿಸಿದವನು ಒಬ್ಬ ಮಲಯಾಳಿ. ಅವನು ಚಹಾ ಕುಡಿಯುತ್ತ, ಇವತ್ತು ಸೆಕೆ ಜಾಸ್ತಿ ಎನ್ನುವಷ್ಟೇ ಸಾದಾ ದನಿಯಲ್ಲಿ, "ನಿನ್ನೆ ನೀನು ಸ್ವಲ್ಪ ಹೊತ್ತು ಸತ್ತಿದ್ದೆ" ಎಂದಿದ್ದ. ಆಮೇಲೆ ಆಸ್ಪತ್ರೆ. ಆಮೇಲೆ ಹೆಂಡತಿಯ ತಮ್ಮ ಅಬ್ದುಲ್ ವಹಾಬ್ ಅಲ್ಲೇ ಹುಡುಕಿ ಕೊಡಿಸಿದ ಈ ಮೆಷಿನ್ನು. ಅದು ಕೋಣೆಯ ಗಾಳಿಯನ್ನು ಬೆನ್ನಿನ ಕಡೆಯಿಂದ ಎಳೆದುಕೊಂಡು, ಕೊಳವೆಯಲ್ಲಿ ಒತ್ತಿ, ಮೂಗಿಗೆ ಕಟ್ಟಿದ ಮಾಸ್ಕಿನೊಳಗೆ ಊದುತ್ತದೆ. ಆ ಒತ್ತಡಕ್ಕೆ ಗಂಟಲು ತೆರೆದೇ ಇರುತ್ತದೆ. ಅಷ್ಟೇ ಅದರ ಕೆಲಸ. ಅದನ್ನು ಕಟ್ಟಿಕೊಂಡು ಮಲಗಿದ ಮೊದಲ ಬೆಳಿಗ್ಗೆ ಅವನು ಬಚ್ಚಲಲ್ಲಿ ನಿಂತು ಅತ್ತಿದ್ದ. ಬೆಳಿಗ್ಗೆ ಎಂದರೆ ಹೇಗಿರುತ್ತದೆ ಎನ್ನುವುದೇ ಅವನಿಗೆ ಮರೆತುಹೋಗಿತ್ತು.

ಊರಿಗೆ ಮರಳಿ ಬಂಟ್ವಾಳ ಪೇಟೆಯಲ್ಲಿ ಚಪ್ಪಲಿ ಅಂಗಡಿ ಇಟ್ಟ ಮೇಲೆ, ನರಿಕೊಂಬಿನ ಮನೆಯಲ್ಲಿ ಅದು ಮಂಚದ ಪಕ್ಕದ ಮೇಜಿನ ಮೇಲೆ ರೇಡಿಯೊದಂತೆ ಇತ್ತು. ಯಾರಿಗೂ ತೊಂದರೆಯಿರಲಿಲ್ಲ. ವಾಮದಪದವಿನಿಂದ ಮಗಳು ಹಫ್ಸಳನ್ನು ನೋಡಲು ಜನ ಬಂದಾಗ ಮಾತ್ರ ಹೆಂಡತಿ ಖದೀಜ ಮೇಜಿನ ಮೇಲೆ ಬಟ್ಟೆ ಹಾಕಿದಳು.

"ಕೇಳಿದ್ರೆ ಹೇಳುವ. ಕೇಳದೆ ನಾವೇ ಯಾಕೆ ಹೇಳುವುದು? ತಂದೆಗೆ ಎಂತದೋ ಉಂಟು, ನಾಳೆ ಮಗಳಿಗೂ ಬರ್ತದೆ ಅಂತ ಹೇಳಿಯಾರು."

ಅವರು ಕೇಳಲಿಲ್ಲ. ಇವರು ಹೇಳಲಿಲ್ಲ. ನಿಕಾಹ್ ಆಯಿತು.

ಆ ಮನೆಯ ರೂಢಿಯಲ್ಲಿ ಮದುವೆಯಾದ ಹುಡುಗಿ ಮೊದಲ ಕೆಲವು ವರ್ಷ ತಾಯಿಯ ಮನೆಯಲ್ಲೇ ಇರುತ್ತಾಳೆ. ಬಂದು ಹೋಗುವವನು ಅಳಿಯ. ಅವನಿಗೆಂದೇ ಒಂದು ಕೋಣೆ, ಹೊಸ ಮಂಚ, ಹೊಸ ಕನ್ನಡಿ. ಹೊಸ ಅಳಿಯ, ಅಂದರೆ ಪುದಿಯಾಪ್ಳೆ, ಬರುವ ಸಂಜೆ ಮನೆಯ ದನಿಯೇ ತಗ್ಗುತ್ತದೆ. ಅವನು ಕೆಮ್ಮಿದರೆ ಅಡುಗೆಮನೆಯಲ್ಲಿ ಪಾತ್ರೆ ನಿಲ್ಲುತ್ತದೆ. ಅಬೂಬಕ್ಕರನ ಅಪ್ಪ ಅಳಿಯಂದಿರ ಎದುರು ಎಂದೂ ಬನಿಯನ್ನಿನಲ್ಲಿ ಕೂತವನಲ್ಲ, ನೆಗಡಿಯಾದರೆ ತೋಟಕ್ಕೆ ಹೋಗಿ ಸೀನುತ್ತಿದ್ದ. ಅಂಥವನ ಮಗ ಮೂಗಿಗೆ ಪೈಪು ಸಿಕ್ಕಿಸಿಕೊಂಡು ಮಲಗುತ್ತಾನೆ, ಪಕ್ಕದ ಕೋಣೆಯಲ್ಲೇ. ಹೆಂಚಿನ ಮನೆ, ಕೋಣೆಗಳ ನಡುವಿನ ಗೋಡೆ ಮಾಡಿನ ತನಕ ಹೋಗುವುದಿಲ್ಲ, ಮೇಲೆ ಕೈಯಾಡಿಸುವಷ್ಟು ಸಂದು. ಆ ಸಂದಿನಲ್ಲಿ ಬೆಳಕು ದಾಟುತ್ತದೆ, ಬಳೆಯ ಸದ್ದು ದಾಟುತ್ತದೆ. ಮೆಷಿನ್ನಿನ 'ಸ್‌ಸ್‌' ದಾಟದೆ ಇರುತ್ತದೆಯೆ?

ಹಾಗಾಗಿ ಕಪಾಟು.

ಅಳಿಯ ಬರುವ ದಿನ ಮಾತ್ರ ಎಂದು ಶುರುವಾದದ್ದು ದಿನಾ ಆಯಿತು. ಅಳಿಯ ರಿಝ್ವಾನ್ ಬೆಳ್ತಂಗಡಿಯಲ್ಲಿ ಮೊಬೈಲ್ ಅಂಗಡಿ ಇಟ್ಟವನು. ಇವತ್ತು ಬರುತ್ತೇನೆ ಎಂದು ಹೇಳಿ ಬರುವ ಜನವಲ್ಲ. ಬೆಳಿಗ್ಗೆ ಅವನೆದುರು ಚಹಾಕ್ಕೆ ಕೂತಾಗ ಕೆನ್ನೆಯ ಮೇಲೆ ಪಟ್ಟಿಯ ಗುರುತು ಇರಬಾರದೆಂದು ಅಬೂಬಕ್ಕರ್ ಮಾಸ್ಕನ್ನೂ ಸಡಿಲ ಕಟ್ಟತೊಡಗಿದ. ಖದೀಜ ಹಾಸಿಗೆ ಹಿಡಿದ ಅತ್ತೆ, ಅಂದರೆ ಅವನ ತಾಯಿ ಪಾತುಮ್ಮನ ಜೊತೆ ಅಡುಗೆಮನೆಯ ಬದಿಯ ಕೋಣೆಯಲ್ಲಿ ಮಲಗುತ್ತಿದ್ದಳು. ಅವನು ಅವಳನ್ನು ಕೇಳಿದ:

"ಮೆಷಿನ್ನಿನ ಶಬ್ದ ಕೇಳ್ತದಾ ಹೊರಗೆ?"

"ಮೆಷಿನ್ನಿನದ್ದು ಇಲ್ಲ. ಆದ್ರೆ ನನ್ನ ಸೀರೆ ಎಲ್ಲ ಇಸ್ತ್ರಿ ಹಾಕಿದ ಹಾಗೆ ಬಿಸಿ ಉಂಟು. ಎಂತ, ಒಳಗೆ ಕೋಳಿ ಕಾವಿಗೆ ಕೂರಿಸಿದ್ದೀರಾ?"

ಅವನು ಕೇಳಿದ್ದಕ್ಕಷ್ಟೇ ಅವಳು ಉತ್ತರ ಕೊಟ್ಟಿದ್ದಳು. ಅವನೂ ಅಷ್ಟರಲ್ಲೇ ತೃಪ್ತನಾದ.

ಮಳೆ ಹಿಡಿಯುವ ಹೊತ್ತಿಗೆ ಮೆಷಿನ್ನು ಕೈಕೊಡತೊಡಗಿತು. ಮಾಸ್ಕಿನಲ್ಲಿ ಗಾಳಿ ಬರುತ್ತಿತ್ತು, ಆದರೆ ಸುಸ್ತಾದವರು ಊದಿದ ಹಾಗೆ, ಬೆಚ್ಚಗೆ, ನಫ್ತಲಿನ್ ಗುಳಿಗೆಯ ವಾಸನೆ ಬೆರೆಸಿಕೊಂಡು. ಬೆಳಿಗ್ಗೆ ತಲೆ ಭಾರ, ಬಾಯಿ ಒಣ. ಅಂಗಡಿಯಲ್ಲಿ ಗಿರಾಕಿಯ ಪಾದಕ್ಕೆ ಚಪ್ಪಲಿ ತೊಡಿಸುತ್ತ ಬಗ್ಗಿದವನು ಹಾಗೇ ತೂಕಡಿಸಿದ. ಆ ಹೆಂಗಸು ಪಾದವನ್ನು ಮೆಲ್ಲನೆ ಬಿಡಿಸಿಕೊಂಡು ಹೊರಟುಹೋದಳು. ಅದೇ ಜಗಲಿಯಲ್ಲಿ ಹೊಲಿಗೆ ಮೆಷಿನ್ನಿಟ್ಟಿದ್ದ ರುಕ್ಮಯ್ಯ ಕತ್ತರಿ ಕೆಳಗಿಟ್ಟ.

"ಸಾಹೇಬರೆ, ಅವಳ ಕಾಲಿಗೆ ಬಿದ್ದದ್ದಾ, ನಿದ್ದೆಗೆ ಬಿದ್ದದ್ದಾ?"

"ಪಿತ್ತ ಮಾರಾಯ."

"ಪಿತ್ತಕ್ಕೆ ಗೊರಕೆ ಬರ್ತದಾ? ನಾನು ಇಲ್ಲಿ ಹೊಲಿಯುವಾಗ ಕರೆಂಟು ಹೋದ್ರೂ ಮೆಷಿನ್ ಓಡ್ತಾ ಉಂಟು ಅಂತ ಜನ ಹೇಳ್ತಾರೆ. ನಿಮ್ಮದು ಅದು!"

ಅಬೂಬಕ್ಕರ್ ನಕ್ಕ. ಹಾಗೆ ನಗುವಾಗ ಕಿವಿಯ ತುದಿ ಸುಡುತ್ತದೆ ಎನ್ನುವುದು ಅವನಿಗೆ ದುಬೈಯ ದಿನಗಳಿಂದ ಗೊತ್ತಿತ್ತು.

ಆ ಮಧ್ಯಾಹ್ನ ದುಬೈಯಲ್ಲಿದ್ದ ವಹಾಬನಿಗೆ ಫೋನು ಮಾಡಿದ. ವಹಾಬ್ ತನ್ನ ಬಳಿಯೇ ಉಳಿದಿದ್ದ ಮೆಷಿನ್ನಿನ ಪುಸ್ತಿಕೆಯನ್ನು ಮಡಿಲಲ್ಲಿಟ್ಟುಕೊಂಡೇ ಮಾತಾಡಿದ. ಹಾಳೆ ಮಗುಚುವ ಸದ್ದು ಸಮುದ್ರ ದಾಟಿ ಕೇಳುತ್ತಿತ್ತು.

"ಭಾವ, ಮೊದಲು ಹೇಳಿ. ಹಾಳಾದದ್ದು ಮೆಷಿನ್ನಾ, ನಿಮ್ಮ ಮೂಗಾ?"

"ತಮಾಷೆ ಬೇಡ ವಹಾಬ್."

"ಸರಿ. ಹಿಂದೆ ಫಿಲ್ಟರ್ ಉಂಟಲ್ಲ, ಸಣ್ಣ ಸ್ಪಂಜು. ತೊಳೆದಿದ್ದೀರಾ?"

"ಹೌದು." ಅದು ನಿಜ. ಪ್ರತಿ ಸಲ ತೊಳೆಯುವಾಗಲೂ ಅದರಲ್ಲಿ ಶಾಲಿನ ಹಸಿರು ನೂಲು ಅಂಟಿರುತ್ತಿತ್ತು.

"ಪೈಪಿಗೆ ತೂತು?"

"ಇಲ್ಲ."

"ಎಲ್ಲಾದರೂ ಮಡಚಿಕೊಂಡಿದೆಯಾ?"

"ಇಲ್ಲ."

"ಮಾಸ್ಕ್ ಸರಿ ಕೂರ್ತದಾ? ಬದಿಯಿಂದ ಗಾಳಿ ಹೋಗ್ತದಾ?"

"ಸರಿ ಕೂರ್ತದೆ."

"ತೂಕ ಹೆಚ್ಚಾಗಿದೆಯಾ? ಅಳಿಯ ಬಂದ ಮೇಲೆ ತುಪ್ಪದ ಅನ್ನ ಜಾಸ್ತಿ ಅಲ್ವಾ?"

"ಇಲ್ಲ ಮಾರಾಯ."

"ಮೆಷಿನ್ ಎಲ್ಲಿ ಇಟ್ಟಿದ್ದೀರಿ? ಸುತ್ತ ಗಾಳಿ ಆಡಬೇಕು ಅಂತ ಇಲ್ಲಿ ದಪ್ಪ ಅಕ್ಷರದಲ್ಲಿ ಉಂಟು. ಪರದೆ, ಬಟ್ಟೆ ಹತ್ತಿರ ಇರಬಾರದಂತೆ."

ರಸ್ತೆಯಲ್ಲಿ ಬಸ್ಸೊಂದು ಹಾರ್ನ್ ಹಾಕುತ್ತ ಹೋಯಿತು. ಅದು ತಿರುವಿನಲ್ಲಿ ಮರೆಯಾಗುವ ತನಕ ಅಬೂಬಕ್ಕರ್ ಅದನ್ನೇ ನೋಡಿದ.

"ಮೇಜಿನ ಮೇಲೆ," ಎಂದ.

"ಹಾಗಾದ್ರೆ ಮಾಸ್ಕಿನದ್ದೇ ತೊಂದರೆ. ರಬ್ಬರು ಹಳತಾಗಿರ್ತದೆ. ಹೊಸ ಮಾಸ್ಕು, ಹೊಸ ಪೈಪು, ಫಿಲ್ಟರು ಎಲ್ಲ ಕಳಿಸ್ತೇನೆ. ಯಾರಾದ್ರೂ ನಮ್ಮವರು ಊರಿಗೆ ಹೊರಡ್ತಾರೆ."

ವೈದ್ಯನಿಗೆ ಸುಳ್ಳು ಹೇಳಿ ಮದ್ದು ತೆಗೆದುಕೊಂಡವನಿಗೆ ಆ ಮದ್ದಿನ ಮೇಲೂ ನಂಬಿಕೆ ಇರುವುದುಂಟು. ಅಬೂಬಕ್ಕರ್ ಹೊಸ ಮಾಸ್ಕನ್ನು ಕಾಯತೊಡಗಿದ. ಹೊಸದು ಬಂದರೆ ಕಪಾಟಿನೊಳಗಿನಿಂದಲೂ ಸರಿ ಊದೀತು.

ಹಫ್ಸ ಬಸುರಿ. ಅವಳನ್ನು ಮೂಡುಬಿದಿರೆಯ ಹೆಂಗಸರ ಡಾಕ್ಟರಿಗೆ ತೋರಿಸಲು ತನ್ನ ಓಮ್ನಿಯಲ್ಲಿ ಅವನೇ ಕರೆದುಕೊಂಡು ಹೋಗುತ್ತಿದ್ದ. ಬಸ್ಸಿನಲ್ಲಿ ಕುಲುಕಾಡುವುದು ಬೇಡ, ಅಳಿಯ ಅಂಗಡಿ ಮುಚ್ಚುವುದೂ ಬೇಡ, ತಂದೆ ಇದ್ದಾನಲ್ಲ. ಹಿಂದಿರುಗುವಾಗ, ಸಿದ್ದಕಟ್ಟೆ ದಾಟಿದ ಮೇಲೆ, ಹಗಲು ಬೆಳಕಿನಲ್ಲಿ, ರಸ್ತೆ ಅವನ ಕಣ್ಣೆದುರಿಂದ ಒಂದು ಹಾಳೆಯಂತೆ ಮಗುಚಿಹೋಯಿತು. ಮುಂದಿನ ಹಾಳೆಯಲ್ಲಿ ಹಫ್ಸ ಸ್ಟೇರಿಂಗನ್ನು ಎರಡು ಕೈಯಲ್ಲಿ ಹಿಡಿದಿದ್ದಳು. "ಉಪ್ಪಾ!" ಎಂದು ಕೂಗಿದ್ದು ತಡವಾಗಿ, ಬೇರೆ ಕಡೆಯಿಂದ ಎಂಬಂತೆ ಕೇಳಿತು. ಓಮ್ನಿಯ ಒಂದು ಚಕ್ರ ಚರಂಡಿಯ ಅಂಚಿನಲ್ಲಿತ್ತು. ಎದುರಿನಿಂದ ಬಂದ ಲಾರಿಯವನು ತಲೆ ಹೊರಹಾಕಿ ತುಳುವಿನಲ್ಲಿ ಅವನ ಅಪ್ಪನನ್ನೂ ಸೇರಿಸಿ ಬೈದು ಹೋದ.

ಎಂಜಿನ್ ನಿಂತಿತು. ಹಫ್ಸ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

"ರಿಝ್ವಾನನಿಗೆ ಹೇಳಬೇಡ," ಎಂದ ಅವನು.

"ಎಂತದ್ದನ್ನು? ಕಾರಿನದ್ದನ್ನಾ, ಕಪಾಟಿನದ್ದನ್ನಾ?"

ಅವಳಿಗೆ ಗೊತ್ತಿತ್ತು. ಮನೆಯಲ್ಲಿ ಎಲ್ಲರಿಗೂ ಎಲ್ಲವೂ ಗೊತ್ತಿರುತ್ತದೆ ಎಂಬುದನ್ನು ಮರೆತು ಬದುಕುವುದೇ ಮರ್ಯಾದೆ ಎಂದು ಅವನು ತಿಳಿದಿದ್ದ.

"ಎರಡೂ."

ಹಫ್ಸ ಕಿಟಕಿಯ ಕಡೆ ತಿರುಗಿದಳು. "ನೀವು ನಿಧಾನ ಹೋಗಿ. ನಾನು ಮಾತಾಡ್ತಾ ಇರ್ತೇನೆ," ಎಂದಳು. ಮನೆ ತಲುಪುವ ತನಕ ಅವಳು ಒಂದೇ ಸಮ ಏನೇನೋ ಮಾತಾಡಿದಳು. ತನ್ನ ಶಾಲೆಯ ಟೀಚರ ವಿಷಯ, ನೆರೆಮನೆಯ ಬೆಕ್ಕಿನ ವಿಷಯ. ಮಗುವನ್ನು ಎಚ್ಚರವಿರಿಸಿ ಊಟ ಮಾಡಿಸುವವರ ದನಿ ಅದು.

ಆ ವಾರದಿಂದ ರಿಝ್ವಾನ್ ರಾತ್ರಿ ಉಳಿಯುವುದನ್ನು ನಿಲ್ಲಿಸಿದ. ಸಂಜೆ ಬರುತ್ತಿದ್ದ, ಹಫ್ಸಳ ಜೊತೆ ಜಗಲಿಯಲ್ಲಿ ಕೂರುತ್ತಿದ್ದ, ಊಟ ಮುಗಿಸಿ ಅಂಗಡಿಯ ಕೆಲಸ ಉಂಟು ಎಂದು ಬೈಕು ಹತ್ತುತ್ತಿದ್ದ. ಹೊಸ ಮಂಚದ ಮೇಲೆ ಹಫ್ಸ ಒಬ್ಬಳೇ. ಅವನ ತಾಯಿ ಹೇಳಿ ಕಳಿಸಿದರು: ಹುಡುಗಿಯನ್ನು ವಾಮದಪದವಿಗೇ ಕರೆದುಕೊಂಡು ಬರುವ, ಬಾಣಂತನವೂ ಇಲ್ಲೇ ಆಗಲಿ. ಖದೀಜ ಅಡುಗೆಮನೆಯಲ್ಲಿ ಕುಸಿದು ಕೂತಳು. ಚೊಚ್ಚಲ ಹೆರಿಗೆಗೆ ಮಗಳನ್ನು ತಾಯಿಯ ಮನೆಯಿಂದ ಕರೆದುಕೊಂಡು ಹೋಗುವುದೆಂದರೆ, ಆ ಮನೆಯಲ್ಲಿ ಏನೋ ಕೆಟ್ಟದ್ದು ಉಂಟು ಎಂದು ಊರಿಗೆ ಹೇಳಿದ ಹಾಗೆ.

"ಏನು ಕಡಿಮೆ ಮಾಡಿದ್ದೇವೆ ಅವನಿಗೆ?" ಎಂದು ಅವಳು ಕೇಳಿದಾಗ ಅಬೂಬಕ್ಕರನಿಗೆ ಉತ್ತರ ಗೊತ್ತಿತ್ತು. ಶಬ್ದ. ಅಳಿಯ ಶಬ್ದ ಕೇಳಿಸಿಕೊಂಡಿದ್ದಾನೆ. ಕಪಾಟು ಸಾಕಾಗಲಿಲ್ಲ. ಅವನು ಕೋಣೆಗೆ ಹೋಗಿ, ಶಾಲಿನ ಮೇಲೆ ಒಂದು ಕಂಬಳಿ ಹೊದಿಸಿ, ಬಾಗಿಲ ಸಂದಿಗೆ ಹಳೆಯ ಲುಂಗಿ ತುರುಕಿದ.

ಒಂದು ಶುಕ್ರವಾರ ಅಬೂಬಕ್ಕರ್ ಜುಮಾ ನಮಾಝು ಮುಗಿಸಿ ಬಂದು ಕೂತಿದ್ದಾಗ ರಿಝ್ವಾನ್ ಬೈಕಿನ ಹಿಂದೆ ಒಂದು ರಟ್ಟಿನ ಪೆಟ್ಟಿಗೆ ಕಟ್ಟಿಕೊಂಡು ಬಂದ. ಖದೀಜ ತಲೆಯ ಮೇಲೆ ಸೆರಗೆಳೆದುಕೊಂಡು ಶರಬತ್ತಿಗೆ ಓಡಿದಳು. ಅವನು ಪೆಟ್ಟಿಗೆಯನ್ನು ಹಜಾರದ ಮಧ್ಯೆ ಇಟ್ಟ. ಅದರ ಟೇಪನ್ನು ಯಾರೋ ಕೊಯ್ದು ಮತ್ತೆ ಅಂಟಿಸಿದ್ದರು.

"ನಮ್ಮ ಝಕರಿಯಾಣ್ಣ ನಿನ್ನೆ ದುಬೈಯಿಂದ ಬಂದ, ಮಾವ. ವಹಾಬಾಕ ನಿಮಗೆ ಅಂತ ಕೊಟ್ಟು ಕಳಿಸಿದ್ದು."

ಊರಿಗೆ ಹೊರಡುವ ನಮ್ಮವರು. ವಹಾಬನಿಗೆ ಅಳಿಯನ ಅಣ್ಣನಿಗಿಂತ ಹೆಚ್ಚು ನಮ್ಮವರು ಯಾರು ಸಿಗಬೇಕು? ಬಚ್ಚಿಡಬೇಕು ಎಂದು ಅವನಿಗೆ ಯಾರೂ ಹೇಳಿರಲಿಲ್ಲ.

"ಏರ್‌ಪೋರ್ಟಿನಲ್ಲಿ ಬಿಚ್ಚಿಸಿದ್ರಂತೆ," ರಿಝ್ವಾನ್ ನೆಲ ನೋಡುತ್ತ ಹೇಳಿದ. "ಇದು ಎಂತ ಅಂತ ಕೇಳಿದ್ರೆ ಅಣ್ಣನಿಗೂ ಗೊತ್ತಿಲ್ಲ. ಅಲ್ಲಿಂದಲೇ ವಹಾಬಾಕನಿಗೆ ಫೋನ್ ಮಾಡಿ ಕೇಳಿ, ಮೂಗಿಗೆ ಹಾಕಿ ತೋರಿಸಿದನಂತೆ. ವಿಮಾನದವರೆಲ್ಲ ಸುತ್ತ ನಿಂತು ನೋಡಿದ್ರಂತೆ."

ಒಳಗಿನಿಂದ ಪಾತುಮ್ಮನ ದನಿ ಬಂತು. "ಯಾರು ಮೂಗಿಗೆ ಹಾಕಿದ್ದು?"

"ಝಕರಿಯಾ, ಉಮ್ಮ," ಎಂದಳು ಖದೀಜ.

"ಅಲ್ಲಾ! ಅವನಿಗೂ ಉಂಟಾ?"

ಹಫ್ಸ ಬಾಗಿಲ ಹಿಂದೆ ನಗು ತಡೆದುಕೊಂಡ ಸದ್ದಾಯಿತು. ಅಬೂಬಕ್ಕರನ ನಾಲಿಗೆ ತಾನೇ ಹೊರಟಿತು.

"ಅದು ನನಗಲ್ಲ. ಅಂಗಡಿ ಹತ್ತಿರ ಟೈಲರ್ ರುಕ್ಮಯ್ಯ ಅಂತ ಇದ್ದಾನೆ. ಪಾಪ, ಅವನಿಗೆ. ನಾನು ತರಿಸಿಕೊಟ್ಟದ್ದು ಅಷ್ಟೇ."

ರಿಝ್ವಾನ್ ಶರಬತ್ತಿನ ಲೋಟವನ್ನು ಕುಡಿಯದೆ ಕೆಳಗಿಟ್ಟ. ಅವನು ಮೊದಲ ಬಾರಿ ಮಾವನ ಮುಖವನ್ನು ನೇರ ನೋಡಿದ.

"ರುಕ್ಮಯ್ಯನವರ ಮೆಷಿನ್ ಎಲ್ಲಿ ಉಂಟು, ಮಾವ? ತೋರಿಸಿ. ನೋಡುವ."

ಬೇಡ ಎನ್ನಲು ಆಗಲಿಲ್ಲ. ಅಬೂಬಕ್ಕರ್ ಎದ್ದ. ಕೋಣೆಗೆ ಹೋಗುವ ಆ ನಾಲ್ಕು ಹೆಜ್ಜೆಯಲ್ಲಿ ಅವನಿಗೆ ತನ್ನ ಬೆನ್ನು ಕಾಣಿಸತೊಡಗಿತು, ಅಳಿಯನ ಕಣ್ಣಿನಿಂದ. ಇಸ್ತ್ರಿ ಹಾಕಿದ ಬಿಳಿ ಅಂಗಿ, ಅತ್ತರಿನ ವಾಸನೆ, ಒಳಗೆ ಬೆವರುತ್ತಿರುವ ಮುದುಕ. ಕಪಾಟಿನ ಬಾಗಿಲೆಳೆದ. ಲುಂಗಿ ಕೆಳಗೆ ಬಿತ್ತು. ಕಂಬಳಿ ತೆಗೆದ. ಶಾಲು ತೆಗೆದ. ಸೀರೆಗಳ ನಡುವೆ, ಖದೀಜಳ ಒಳಲಂಗಗಳ ಪಕ್ಕದಲ್ಲಿ, ಅದು ಕೂತಿತ್ತು. ಅಳಿಯನ ಎದುರು ಹೆಂಡತಿಯ ಒಳಬಟ್ಟೆ. ಅದನ್ನು ಶಾಲಿನಿಂದ ಮುಚ್ಚಲು ಹೋಗಿ ಶಾಲನ್ನೂ ಕೈಬಿಟ್ಟ.

ರಿಝ್ವಾನ್ ಬಗ್ಗಿ ಕೊಳವೆಯನ್ನು ಮುಟ್ಟಿದ. ಬಾಗಿಲು ಕಚ್ಚಿದ ಜಾಗದಲ್ಲಿ ಅದು ಚಪ್ಪಟೆಯಾಗಿ, ಬಿಳಿಚಿಕೊಂಡಿತ್ತು.

"ಯಾವಾಗಿಂದ ಇಲ್ಲಿ?"

"ನೀನು ಬರ್ತೀಯಲ್ಲ, ಅದಕ್ಕೆ... ಶಬ್ದ ಆಗಬಾರದು ಅಂತ."

"ಮೆಷಿನ್ನಿನ ಶಬ್ದ ನಾನು ಒಂದು ದಿನವೂ ಕೇಳಿಲ್ಲ ಮಾವ. ನಿಮ್ಮದು ಕೇಳಿದ್ದು."

"ಗೊರಕೆ," ಎಂದ ಅಬೂಬಕ್ಕರ್. ಪದ ಬಾಯಿಂದ ಬೀಳುವಾಗ ಉಗುಳಿನ ಹಾಗೆ ಅನ್ನಿಸಿತು. ಒಂದು ಪಿಸುಗುಟ್ಟುವಿಕೆಯನ್ನು ಮುಚ್ಚಲು ಹೋಗಿ ಅವನು ಇಡೀ ಮನೆಗೆ ತನ್ನ ಗಂಟಲನ್ನು ತೆರೆದಿಟ್ಟಿದ್ದ.

"ಗೊರಕೆಯಾದ್ರೆ ಅಡ್ಡಿಯಿಲ್ಲ. ನಮ್ಮ ಮನೆಯಲ್ಲಿ ಎಲ್ಲರೂ ಹೊಡೀತಾರೆ. ನಿಮ್ಮದು ನಿಲ್ತದೆ." ರಿಝ್ವಾನ್ ಇನ್ನೂ ಬಗ್ಗಿಯೇ ಇದ್ದ, ಕಪಾಟಿನ ಕತ್ತಲಿಗೆ ಹೇಳುವವನ ಹಾಗೆ. "ನಿಂತ ಮೇಲೆ ನಾನು ಎದ್ದು ಕೂರ್ತಿದ್ದೆ. ಈಗ ಬರ್ತದೆ, ಈಗ ಬರ್ತದೆ ಅಂತ. ಬಾಗಿಲು ಬಡಿಯುವ ಅಂತ ಒಮ್ಮೆ ಹೊರಗೆ ಬಂದಿದ್ದೆ. ಬಡಿಯಲಿಲ್ಲ. ಹೊಸ ಅಳಿಯ ಹೇಗೆ ಬಡಿಯುವುದು? ಮಾವ ಎದ್ದು ಎಂತ ಅಂತ ಕೇಳಿದ್ರೆ ಎಂತ ಹೇಳುವುದು? ಹಾಗೇ ನಿಂತಿದ್ದೆ. ನೀವು ಸತ್ತಿದ್ರೆ ಸಾಯುವುದನ್ನು ಕೇಳಿಕೊಂಡೇ ನಿಂತಿರ್ತಿದ್ದೆ."

ಅವನ ಕುತ್ತಿಗೆ ಕೆಂಪಾಗಿತ್ತು.

"ಅದಕ್ಕೇ ರಾತ್ರಿ ಉಳಿಯುವುದು ಬಿಟ್ಟೆ. ಕೇಳದಿದ್ರೆ ತಪ್ಪು ನನ್ನ ಮೇಲೆ ಇಲ್ಲ ಅಂತ."

ಅಬೂಬಕ್ಕರ್ ಮಂಚದ ಅಂಚಿನಲ್ಲಿ ಕೂತ. ಅಳಿಯ ನಿಂತಿದ್ದಾಗ ತಾನು ಕೂತದ್ದು ಅವನ ಗಮನಕ್ಕೆ ಬರಲಿಲ್ಲ. ತನ್ನ ನಾಚಿಕೆಯೊಂದೇ ಈ ಮನೆಯಲ್ಲಿ ಜಾಗ ಹಿಡಿದಿದೆ ಎಂದು ಅವನು ತಿಳಿದಿದ್ದ. ಗೋಡೆಯಾಚೆ ಇನ್ನೊಬ್ಬ ಅದೇ ಹೊತ್ತಿಗೆ ಎದ್ದು ಕೂತು, ತನ್ನದೇ ನಾಚಿಕೆಯನ್ನು ಹಿಡಿದುಕೊಂಡು ಕಾದಿದ್ದ. ಇದರಿಂದ ಹಗುರಾಗಬೇಕಿತ್ತು. ಆಗಲಿಲ್ಲ. ಒಬ್ಬ ಹುಡುಗನನ್ನು ಆ ಬಾಗಿಲ ಹೊರಗೆ ನಿಲ್ಲಿಸಿದವನು ತಾನು.

ರಿಝ್ವಾನ್ ಮೆಷಿನ್ನನ್ನು ಎತ್ತಿ ಮೇಜಿನ ಮೇಲಿಟ್ಟ. ಗೋಡೆಯಿಂದ ಸ್ವಲ್ಪ ಈಚೆ ಎಳೆದ. ಹಜಾರದಿಂದ ರಟ್ಟಿನ ಪೆಟ್ಟಿಗೆ ತಂದು ಬಿಚ್ಚಿ, ಹೊಸ ಫಿಲ್ಟರು ಹಾಕಿ, ಹೊಸ ಕೊಳವೆ ಜೋಡಿಸಿದ. ಮೊಬೈಲು ಬಿಚ್ಚಿ ಕೂಡಿಸುವ ಬೆರಳುಗಳು, ತಡವರಿಸಲಿಲ್ಲ. ಆಮೇಲೆ ಅಂಗೈ ಚಾಚಿದ.

"ಓಮ್ನಿಯ ಕೀ ಕೊಡಿ ಮಾವ."

ಹಾಗಾದರೆ ಹಫ್ಸ ಹೇಳಿದ್ದಾಳೆ. ಹೇಳದೆ ಹೇಗಿರುತ್ತಾಳೆ? ಅವಳ ಹೊಟ್ಟೆಯಲ್ಲಿರುವುದು ಇವನ ಮಗು.

"ಯಾವತ್ತಿಗೂ ಅಲ್ಲ," ಎಂದ ರಿಝ್ವಾನ್. "ಸರಿಯಾಗಿ ನಿದ್ದೆ ಬರ್ಲಿ. ಅಲ್ಲಿ ತನಕ ಅವಳನ್ನು ಡಾಕ್ಟರಿಗೆ ನಾನು ಕರ್ಕೊಂಡು ಹೋಗ್ತೇನೆ. ನಿಮ್ಮನ್ನೂ ಅಂಗಡಿಗೆ ಬಿಡ್ತೇನೆ."

"ನಿನ್ನ ಉಮ್ಮ ಅವಳನ್ನು ಕರ್ಕೊಂಡು ಹೋಗುವ ಮಾತು ಹೇಳಿದ್ರಲ್ಲ..."

"ಅದು ಕೀಯ ಮೇಲೆ ಉಂಟು."

ಅಂಗಿಯ ಜೇಬಿನಿಂದ ಕೀ ತೆಗೆದು ಆ ಅಂಗೈಯಲ್ಲಿಡುವಾಗ ಅಬೂಬಕ್ಕರ್ ಬೇರೆ ಕಡೆ ನೋಡಿದ. ಬಾಗಿಲಲ್ಲಿ ಖದೀಜ ನಿಂತಿದ್ದಳು. ಅವಳೂ ಬೇರೆ ಕಡೆ ನೋಡಿದಳು.

"ಮಲಗಿ ಮಾವ. ಮಾಸ್ಕ್ ಎಲ್ಲಿ ಸೋರ್ತದೆ ಅಂತ ನೋಡುವ. ಮಲಗಿದ್ರೆ ಮಾತ್ರ ಗೊತ್ತಾಗ್ತದಂತೆ, ವಹಾಬಾಕ ಹೇಳಿದ್ದು."

ಹಾಡು ಹಗಲು, ಜುಮಾದ ಬಿಳಿ ಅಂಗಿಯಲ್ಲೇ, ಅವನು ಮಲಗಿದ. ಅಳಿಯ ಅವನ ತಲೆಯೆತ್ತಿ ಹಿಂದಿನ ಪಟ್ಟಿ ಎಳೆದ, ಕೆನ್ನೆಯ ಮೇಲೆ ಬೆರಳೂರಿ ರಬ್ಬರು ಸರಿಪಡಿಸಿದ. ಬೆರಳುಗಳು ತಣ್ಣಗಿದ್ದವು. ಸತ್ತ ದಿನ ಅಪ್ಪನ ಬಾಯಿ ತೆರೆದುಕೊಳ್ಳದಂತೆ ಗಲ್ಲಕ್ಕೆ ಬಟ್ಟೆ ಕಟ್ಟಿದವನು ಅಬೂಬಕ್ಕರನೇ. ಆಗ ಅವನ ಬೆರಳುಗಳೂ ಹೀಗೇ ಇದ್ದವು. ಗಂಡುಮಕ್ಕಳಿಲ್ಲದ ತನಗೆ ಅದನ್ನು ಯಾರು ಮಾಡುತ್ತಾರೆ ಎಂದು ಅವನು ಕೆಲವೊಮ್ಮೆ ಯೋಚಿಸಿದ್ದುಂಟು.

ಸ್ವಿಚ್ಚು ಹಾಕಿದಾಗ ಗಾಳಿ ತಣ್ಣಗೆ, ಗಟ್ಟಿಯಾಗಿ ಬಂತು. ಏನಾದರೂ ಹೇಳಬೇಕೆನಿಸಿತು. ತಪ್ಪಾಯಿತು ಎಂದೋ, ರುಕ್ಮಯ್ಯನ ಹೆಸರು ಹೇಳಿದ್ದನ್ನು ಮರೆತುಬಿಡು ಎಂದೋ. ಬಾಯಿ ತೆರೆದ. ಮೂಗಿನಿಂದ ಹೋದ ಗಾಳಿಯೆಲ್ಲ ಬಾಯಿಂದ ಭುಸ್ಸೆಂದು ಹೊರಬಂತು.

"ಬಾಯಿ ತೆರೀಬೇಡಿ ಮಾವ. ಗಾಳಿ ಹೋಗ್ತದೆ."

ಮುಚ್ಚಿದ. ಕಣ್ಣನ್ನೂ ಮುಚ್ಚಿದ. ಮಾಡಬಹುದಾದದ್ದು ಅಷ್ಟೇ ಉಳಿದಿತ್ತು. ರಿಝ್ವಾನ್ ಹೊರಗೆ ಹೋಗುವಾಗ ಬಾಗಿಲು ಹಾಕಲಿಲ್ಲ. ಹಜಾರದಲ್ಲಿ ಅವರು ಅವನ ಬಗ್ಗೆ ಮಾತಾಡತೊಡಗಿದರು, ತಗ್ಗಿದ ದನಿಯಲ್ಲಿ ಅಲ್ಲ, ಮನೆಯಲ್ಲಿ ಕಾಯಿಲೆಯವರೊಬ್ಬರಿದ್ದರೆ ಮಾತಾಡುವ ಹಾಗೆ, ಗಟ್ಟಿಯಾಗಿ. ಇವನು ಅಲ್ಲಿಲ್ಲವೇನೋ ಎಂಬಂತೆ.

"ಕಪಾಟಿನಲ್ಲಿ ಇಡ್ಲಿಕ್ಕೆ ಅದೇನು ಬಂಗಾರವಾ?" ಖದೀಜಳ ದನಿ.

"ಮಲಗಿದ್ದಾನಾ?" ಪಾತುಮ್ಮನದ್ದು.

"ಹೌದು ಅಜ್ಜಿ," ಎಂದಳು ಹಫ್ಸ.

"ಉಸಿರು ಉಂಟಾ?"

"ಉಂಟು ಉಂಟು. ಶಬ್ದ ಕೇಳ್ತಾ ಉಂಟಲ್ಲ," ಎಂದ ರಿಝ್ವಾನ್.

ಹಫ್ಸ ನಕ್ಕಳು. ಮುಖ ಉರಿಯುತ್ತಿತ್ತು ಅಬೂಬಕ್ಕರನಿಗೆ. ಮಾಸ್ಕಿನ ಕೆಳಗೆ, ಪಟ್ಟಿಯ ಕೆಳಗೆ, ಕಿವಿಯ ತನಕ. ಎದ್ದು ಬಾಗಿಲು ಹಾಕಬೇಕೆಂದುಕೊಂಡ. ಹಾಗೆಂದುಕೊಳ್ಳುತ್ತಿರುವಾಗಲೇ, ಎಲ್ಲರೂ ಕೇಳುತ್ತಿರುವಾಗಲೇ, ನಿದ್ದೆ ಅವನನ್ನು ಎಳೆದುಕೊಂಡಿತು.